ಬೆರಳಚ್ಚಿಗೆ ಬೀಗ ಹಾಕಿ, ಆಧಾರ್ ಸಂಖ್ಯೆಗಲ್ಲ

ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಪಿನ್ ಬೇಡ, ಒಟಿಪಿಯೂ ಬೇಡ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇದ್ದರೆ ಮುಗಿಯಿತು. ಆಸ್ತಿ ನೋಂದಣಿ ಪತ್ರದಲ್ಲಿ ಸಂಖ್ಯೆಯೂ ಹೆಬ್ಬೆಟ್ಟೂ ಒಟ್ಟಿಗೇ ಸಿಗುವುದುಂಟು. ಅಂಥ ಪ್ರತಿಗಳಿಂದ ನಕಲಿ ಬೆರಳಚ್ಚು ತಯಾರಿಸಿ ಖಾತೆಗೆ ಕನ್ನ ಹಾಕಿದ ಪ್ರಕರಣಗಳು 2023ರಲ್ಲಿ ಕರ್ನಾಟಕದಲ್ಲೂ ವರದಿಯಾದವು. ಇದಕ್ಕೆ ಬಯೋಮೆಟ್ರಿಕ್ ಲಾಕ್, ಅಂದರೆ ಬೆರಳಚ್ಚಿನಂಥ ದೈಹಿಕ ಗುರುತುಗಳ ಬಳಕೆಗೆ ಹಾಕುವ ಬೀಗವೇ ಮದ್ದು. ಆದರೆ ಹಲವರು ತಪ್ಪು ಬೀಗ ಹಾಕಿಕೊಂಡು ಪೇಚಾಡುತ್ತಾರೆ.

1. ಆಧಾರ್‌ಗೆ ಜೋಡಣೆಯಾದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಲಿ. ಯಾವುದೋ ಏಜೆಂಟನ ಸಂಖ್ಯೆ ಜೋಡಣೆಯಾಗಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಬದಲಿಸಿ, ಉಳಿದದ್ದು ಆಮೇಲೆ.

2. ಆಧಾರ್ ನೀಡುವ ಪ್ರಾಧಿಕಾರವಾದ ಯುಐಡಿಎಐನ ಮೈಆಧಾರ್ ಜಾಲತಾಣಕ್ಕೆ ಒಟಿಪಿ ಕೊಟ್ಟು ಪ್ರವೇಶಿಸಿ. ಲಾಕ್ ಮಾಡಿಕೊಡಲು ದುಡ್ಡು ಕೇಳುವ ಆ್ಯಪ್‌ಗಳನ್ನು ಮುಟ್ಟಬೇಡಿ. ಇದು ಉಚಿತ ಸೇವೆ.

3. ಎಡವಟ್ಟಾಗುವುದು ಇಲ್ಲಿ. ಹೆಚ್ಚುಕಡಿಮೆ ಒಂದೇ ಹೆಸರಿನ ಎರಡು ಆಯ್ಕೆಗಳಿವೆ. ‘ಲಾಕ್ ಆಧಾರ್’ ನಿಮ್ಮ 12 ಅಂಕಿಗಳ ಸಂಖ್ಯೆಯನ್ನೇ ಮುಚ್ಚುತ್ತದೆ. ಆಮೇಲೆ ಆ ಸಂಖ್ಯೆ ಕೊಟ್ಟರೆ ಬೆರಳಚ್ಚಿನ ದೃಢೀಕರಣವಷ್ಟೇ ಅಲ್ಲ, ಒಟಿಪಿ ದೃಢೀಕರಣವೂ ನಡೆಯದು. ಆಧಾರ್ ಸಂಖ್ಯೆಯ ಬದಲಿಗೆ ಬಳಸುವ 16 ಅಂಕಿಗಳ ವರ್ಚುವಲ್ ಐಡಿ ಕೊಡಬೇಕು, ಬೀಗ ತೆಗೆಯಲೂ ಅದೇ ಬೇಕು. ಅದನ್ನು ಬರೆದಿಟ್ಟುಕೊಳ್ಳುವವರು ಎಷ್ಟು ಮಂದಿ? ಈಗಾಗಲೇ ಇದನ್ನು ಒತ್ತಿ ಸಿಕ್ಕಿಬಿದ್ದಿದ್ದರೆ, ಜೋಡಣೆಯಾದ ಮೊಬೈಲಿನಿಂದ ‘ಆರ್‌ವಿಐಡಿ’ ಎಂದು ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು, ಆಧಾರ್‌ನ ಕೊನೆಯ 4 ಅಂಕಿ ಸೇರಿಸಿ 1947ಕ್ಕೆ ಎಸ್‌ಎಂಎಸ್ ಕಳುಹಿಸಿ. ವರ್ಚುವಲ್ ಐಡಿ ಮರಳಿ ಸಿಗುತ್ತದೆ.

ನಿಮಗೆ ಬೇಕಾದದ್ದು ‘ಲಾಕ್ ಬಯೋಮೆಟ್ರಿಕ್ಸ್’. ಇದು ಬೆರಳು, ಕಣ್ಣಿನ ಪಾಪೆ, ಮುಖ ಮೂರರ ದೃಢೀಕರಣವನ್ನೂ ತಡೆಯುತ್ತದೆ, ಒಟಿಪಿ ಎಂದಿನಂತೆ ನಡೆಯುತ್ತದೆ. ನನ್ನ ಮಟ್ಟಿಗೆ ಇದೊಂದೇ ಸಾಕು.

4. ಪಡಿತರಕ್ಕೋ ಸಿಮ್ ಖರೀದಿಗೋ ಬೆರಳು ಕೊಡಬೇಕಾದಾಗ ತಾತ್ಕಾಲಿಕವಾಗಿ ಅನ್‌ಲಾಕ್ ಮಾಡಿ. ಅವಧಿ 10 ನಿಮಿಷ, ಆಮೇಲೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಮನೆಯಲ್ಲೇ ತೆರೆದು ಹೊರಡಬೇಡಿ. ಸರತಿಯಲ್ಲಿ ನಿಮ್ಮ ಪಾಳಿ ಹತ್ತಿರವಾದಾಗ ತೆರೆಯಿರಿ. ಊರಲ್ಲಿರುವ ಅಪ್ಪ ಅಮ್ಮನ ಆಧಾರ್‌ಗೆ ನಿಮ್ಮ ಸಂಖ್ಯೆ ಜೋಡಿಸಿದ್ದರೆ ಒಟಿಪಿ ಬರುವುದು ನಿಮಗೆ. ಅವರು ಅಂಗಡಿ ತಲುಪುವ ಹೊತ್ತಿಗೆ ಮೊಬೈಲ್ ಸ್ವಿಚ್ ಆಫ್ ಮಾಡಿಕೊಂಡು ಮೀಟಿಂಗಿನಲ್ಲಿ ಕೂರಬೇಡಿ.

5. ಲಾಡ್ಜ್‌ಗೆ, ಬಾಡಿಗೆ ಕರಾರಿಗೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಸೈಬರ್ ಸೆಂಟರಿನಲ್ಲಿ ಡೌನ್‌ಲೋಡ್ ಮಾಡಿದರೆ ಅಲ್ಲಿಯ ಪ್ರತಿ ಅಳಿಸಿಯೇ ಏಳಿ.

6. ಅದೇ ಜಾಲತಾಣದಲ್ಲಿ ದೃಢೀಕರಣದ ಇತಿಹಾಸವನ್ನೂ ಆಗಾಗ ನೋಡಿ. ನಿಮಗೆ ಗೊತ್ತಿಲ್ಲದ ಬಯೋಮೆಟ್ರಿಕ್ ದೃಢೀಕರಣ ಕಂಡರೆ ಬ್ಯಾಂಕಿಗೆ ತಿಳಿಸಿ. ಹಣವೂ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.