ಕೂಡಿಸಿದ ಲೆಕ್ಕ ಎರಡು ಸಲವೂ ಒಂದೇ ಬಂದ ಮೇಲೆ

ಡಿಸೆಂಬರಿನ ಒಂದು ಬುಧವಾರ. ಪ್ರವಾಸ ಭತ್ಯೆಯ ಬಿಲ್ಲೊಂದು ನನ್ನ ಮೇಜಿನ ಮೇಲಿತ್ತು. ಹನ್ನೊಂದು ಸಾಲು: ಬಸ್ ಚಾರ್ಜು, ದಿನಭತ್ಯೆ, ಮತ್ತೆ ಬಸ್ ಚಾರ್ಜು. ಕೂಡಿಸಿದೆ. ಇನ್ನೊಮ್ಮೆ ಕೂಡಿಸಿದರೆ ಬೇರೆ ಮೊತ್ತ ಬಂತು. ಕ್ಯಾಲ್ಕುಲೇಟರ್ ತಗೊಂಡೆ. ಏಳನೇ ಸಾಲಿಗೆ ಬರುವಷ್ಟರಲ್ಲಿ ಎಲ್ಲಿದ್ದೆ ಅನ್ನುವುದೇ ಮರೆತುಹೋಯಿತು. ಪೆನ್ಸಿಲ್ ಹಿಡಿದು ಒಂದೊಂದು ಅಂಕಿಯ ಪಕ್ಕ ಚುಕ್ಕಿ ಇಡುತ್ತ ಹೋದೆ. ಚುಕ್ಕಿಯ ಮೇಲೆ ಹನಿ ಬಿದ್ದಾಗಲೇ ನಾನು ಅಳುತ್ತಿದ್ದೇನೆ ಅಂತ ನನಗೆ ತಿಳಿದದ್ದು. ರಜೆ ಮುಗಿಸಿ ಹಾಜರಾಗಿ ಅಂದಿಗೆ ಒಂಬತ್ತನೇ ದಿನ.

ಕಲಬುರಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಪ್ರಥಮ ದರ್ಜೆ ಸಹಾಯಕ. ಲೆಕ್ಕಪತ್ರದ ಟೇಬಲ್. ಎರಡು ವರ್ಷದ ಹಿಂದೆ ಖಿನ್ನತೆ ಬಂದು ಅಕ್ಟೋಬರಿನಿಂದ ವೈದ್ಯಕೀಯ ರಜೆ ಹಾಕಿದ್ದೆ. ಕೆಲಸಕ್ಕೆ ಮರಳುವ ದಿನವನ್ನು ಎರಡು ಸಲ ನಿರ್ಧರಿಸಿದೆ. ಮೊದಲನೇದು ತಪ್ಪಿತು, ಎರಡನೇದು ನಿಂತಿತು. ಆ ಎರಡರ ನಡುವೆ ನನಗೆ ತಿಳಿದದ್ದನ್ನು, ಈಗ ಮನೆಯಲ್ಲಿ ಕೂತು ಕ್ಯಾಲೆಂಡರ್ ನೋಡುತ್ತಿರುವ ಯಾರಿಗಾದರೂ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲ ಸಲ ನಾನು ಆರಾಮಾಗಿದ್ದೇನೆ ಅಂತ ಹೋದದ್ದಲ್ಲ, ನಾಚಿಕೆ ತಡೆಯಲಾರದೆ ಹೋದದ್ದು. ಓಣಿಯವರು "ಯಾಕ್ರಿ, ಇವತ್ತೂ ಆಫೀಸ್ ಇಲ್ಲೇನು?" ಅಂತ ಕೇಳುತ್ತಿದ್ದರು. ಸೋದರಮಾವ ಬಂದು, "ಮನ್ಯಾಗ ಕುಂತ್ರ ಇನ್ನಾ ಹೆಚ್ಚಾಗ್ತದ. ಕೆಲಸಕ್ಕ ಹೋದ್ರ ತಾನೇ ಕಡಿಮಿ ಆಗ್ತದ" ಅಂದರು. ಆ ಮಾತಿನಲ್ಲಿ ಅರ್ಧ ನಿಜ ಇದೆ. ಚೇತರಿಕೆ ಒಂದು ಹಂತಕ್ಕೆ ಬಂದ ಮೇಲೆ ಕೆಲಸವೂ ಔಷಧಿಯೇ. ಆದರೆ ಆ ಹಂತ ಬರುವ ಮೊದಲು ಅದೇ ಕೆಲಸ ಮನುಷ್ಯನನ್ನು ಮತ್ತೆ ನೆಲಕ್ಕೆ ಕೆಡವುತ್ತದೆ. ಗುಳಿಗೆ ಶುರುಮಾಡಿ ಐದಾರು ವಾರವಾಗಿತ್ತು. ನಿದ್ದೆ ಬರುತ್ತಿತ್ತು, ಊಟ ಸೇರುತ್ತಿತ್ತು. ಅಷ್ಟನ್ನೇ ಗುಣವಾಯಿತು ಅಂತ ತಿಳಿದೆ. ಹಾಜರಾದ ಮೂರನೇ ದಿನ, ಬೆಳಿಗ್ಗೆ ತಲೆ ಭಾರ ಅಂತ ಯಾರನ್ನೂ ಕೇಳದೆ ರಾತ್ರಿಯ ಗುಳಿಗೆ ಬಿಟ್ಟೆ. ಅದು ನನ್ನ ದೊಡ್ಡ ತಪ್ಪು.

ಆ ಬುಧವಾರದ ರಾತ್ರಿ 14416ಕ್ಕೆ ಫೋನ್ ಮಾಡಿದೆ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡಿದರು. ಬದುಕೇ ಬೇಡ ಅನ್ನಿಸುತ್ತಿದೆಯೇ ಅಂತ ನೇರವಾಗಿ ಕೇಳಿದರು. ಹೌದು ಅಂದೆ. ಹೆಂಡತಿಯನ್ನು ಎಬ್ಬಿಸಿ ಫೋನ್ ಅವಳ ಕೈಗೆ ಕೊಡಲು ಹೇಳಿದರು. ಮರುದಿನ ಬೆಳಿಗ್ಗೆ ಇಬ್ಬರೂ ಡಾಕ್ಟರ ಮುಂದೆ ಇದ್ದೆವು. ಆ ಯೋಚನೆ ತಲೆಯಲ್ಲಿ ಇರುವಷ್ಟು ದಿನ ಹಾಜರಾಗುವ ತಾರೀಖಿನ ಮಾತೇ ಬೇಡ ಅನ್ನುವುದು ಅಂದೇ ತೀರ್ಮಾನವಾಯಿತು.

ಡಾಕ್ಟರು ಪ್ರತಿ ಭೇಟಿಯಲ್ಲಿ ಒಂಬತ್ತು ಪ್ರಶ್ನೆಯ ಹಾಳೆ ಕೊಡುತ್ತಿದ್ದರು. ಪಿಎಚ್‌ಕ್ಯು-9 ಅನ್ನುತ್ತಾರೆ. ಹೋದ ಎರಡು ವಾರದಲ್ಲಿ ಹೇಗಿತ್ತು ಅನ್ನುವುದಕ್ಕೆ 0ರಿಂದ 27ರವರೆಗೆ ಅಂಕ. ಹೆಚ್ಚು ಬಂದಷ್ಟೂ ಕಾಯಿಲೆ ಹೆಚ್ಚು. ಅಕ್ಟೋಬರಿನಲ್ಲಿ ನನ್ನದು 19 ಇತ್ತು. ಮೊದಲ ಸಲ ಹಾಜರಾದಾಗ 11. ಅಂದರೆ ಮಧ್ಯಮ ಪ್ರಮಾಣದ ಕಾಯಿಲೆ ಮೈಯಲ್ಲಿ ಇಟ್ಟುಕೊಂಡೇ ಹೋಗಿದ್ದೆ. ಅದರಲ್ಲಿ ಏಳನೇ ಪ್ರಶ್ನೆ ಏಕಾಗ್ರತೆಯದು: ಪೇಪರ್ ಓದುವಾಗ, ಟಿವಿ ನೋಡುವಾಗ ಮನಸ್ಸು ನಿಲ್ಲುತ್ತದೆಯೇ ಅಂತ. ದುಃಖ ಕಡಿಮೆಯಾದರೂ, ನಿದ್ದೆ ಬಂದರೂ ನನ್ನ ಏಳನೇ ಪ್ರಶ್ನೆಯ ಅಂಕ ಮಾತ್ರ ಇಳಿದಿರಲಿಲ್ಲ. ಖಿನ್ನತೆಯಲ್ಲಿ ಏಕಾಗ್ರತೆ ಬಹಳ ಸಲ ಕೊನೆಗೆ ಮರಳುತ್ತದಂತೆ. ನನ್ನ ಹೊಟ್ಟೆಪಾಡು ನಿಂತದ್ದೇ ಅದರ ಮೇಲೆ.

"ಯಾವಾಗ ಹಾಜರಾಗ್ಲಿ ಅಂತ ಕೇಳ್ಬ್ಯಾಡ್ರಿ," ಅಂದರು ಡಾಕ್ಟರು. "ಹಾಜರಾದ್ರ ದಿನಾ ಏನೇನ್ ಮಾಡಬೇಕಾಗ್ತದ, ಅದನ್ನ ಬರಕೊಂಡ್ ಬರ್ರಿ."

ಬರೆದೆ. ಆರೂವರೆಗೆ ಏಳಬೇಕು, ಬಸ್ ಹಿಡಿಯಬೇಕು, ಮೂರು ತಾಸು ಒಂದೇ ಕಡೆ ಕೂರಬೇಕು, ಕೂಡಿಸಿ ಕಳೆಯಬೇಕು, ಬಿಲ್ಲು ಯಾಕೆ ಪಾಸಾಗಿಲ್ಲ ಅಂತ ಜಗಳಕ್ಕೆ ಬಂದವರಿಗೆ ಉತ್ತರ ಹೇಳಬೇಕು, ಮಧ್ಯಾಹ್ನ ಮಲಗದೆ ಇರಬೇಕು. ಇವುಗಳನ್ನು ಒಂದೊಂದಾಗಿ ಸಂಬಳವಿಲ್ಲದ ಜಾಗದಲ್ಲಿ ಮಾಡಿ ನೋಡುವುದೇ ಜನವರಿಯಿಂದ ನನ್ನ ಕೆಲಸವಾಯಿತು.

ಒಂಬತ್ತೂವರೆಗೆ ಸಿಟಿ ಬಸ್ ಹಿಡಿದು ಸೂಪರ್ ಮಾರ್ಕೆಟ್ ಅನ್ನುವ ಪೇಟೆ ಭಾಗಕ್ಕೆ ಹೋಗಿ, ಅಲ್ಲಿಂದ ನಡೆದು ಗ್ರಂಥಾಲಯ ಸೇರಿ, ಹನ್ನೆರಡೂವರೆಯವರೆಗೆ ಕೂರುತ್ತಿದ್ದೆ. ಮೊದಲ ವಾರ ಪೇಪರಿನ ಅರ್ಧ ಕಾಲಮ್ಮು ಓದುವಷ್ಟರಲ್ಲಿ ದಣಿವು. ಓದಿದ್ದನ್ನು ಸಂಜೆ ಹೆಂಡತಿಗೆ ಹೇಳಬೇಕು ಅನ್ನುವುದು ನಮ್ಮಿಬ್ಬರ ಒಪ್ಪಂದ. ಏನೂ ನೆನಪಿಲ್ಲದ ದಿನ ಅವಳು, "ಇರ್ಲಿ ಬಿಡ್ರಿ, ನಾಳಿ ಹೇಳ್ರಿ" ಅನ್ನುತ್ತಿದ್ದಳು. ಫೆಬ್ರವರಿ ಹೊತ್ತಿಗೆ ಇಡೀ ಲೇಖನ ಹೇಳುವಂತಾದೆ.

ಅದೇ ತಿಂಗಳು ತಮ್ಮ ಹಳ್ಳಿಯಿಂದ ತೊಗರಿ ತಂದು ನೆಹರು ಗಂಜ್ ಮಾರುಕಟ್ಟೆಯ ಅಡತಿ (ದಲಾಲಿ) ಅಂಗಡಿಯಲ್ಲಿ ಮಾರಿ, ಮಾರಾಟದ ಪಟ್ಟಿ ಹಿಡಿದು ಮನೆಗೆ ಬಂದ. "ಅಣ್ಣಾ, ಇದೊಂದಿಷ್ಟು ನೋಡು" ಅಂದ. ಕಾರ್ಬನ್ ಹಾಳೆಯ ನೀಲಿ ಅಕ್ಷರ; ಚೀಲದ ಲೆಕ್ಕ, ಕ್ವಿಂಟಲ್, ಕಿಲೋ, ದರ, ಹಮಾಲಿ, ಅವನು ಮೊದಲೇ ತಗೊಂಡಿದ್ದ ಮುಂಗಡ. ಎದೆ ಹೊಡೆದುಕೊಳ್ಳತೊಡಗಿತು. ಕೂಡಿಸಿ, ಕಳೆದು, ಮೊತ್ತವನ್ನು ಅಂಗೈ ಮೇಲೆ ಬರೆದುಕೊಂಡು, ಮತ್ತೆ ಕೆಳಗಿನಿಂದ ಮೇಲಕ್ಕೆ ಕೂಡಿಸಿದೆ. ಎರಡೂ ಒಂದೇ. ಪಟ್ಟಿಯಲ್ಲಿ ಬರೆದದ್ದೂ ಅದೇ. ತಮ್ಮ ಚಹಾ ಕುಡಿದು ಹೊರಟುಹೋದ. ನಾನು ಬಹಳ ಹೊತ್ತು ಅಂಗೈ ತೊಳೆಯಲಿಲ್ಲ.

ಇನ್ನೊಂದು ಗುರುತು ಡಾಕ್ಟರು ಕೊಟ್ಟದ್ದು, ನನಗೆ ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು. ದಣಿವು ಆಗುತ್ತದೆಯೇ ಅಂತ ನೋಡಬೇಡಿ, ಆಗೇ ಆಗುತ್ತದೆ. ಮರುದಿನಕ್ಕೆ ಉಳಿಯುತ್ತದೆಯೇ ನೋಡಿ, ಅಂದಿದ್ದರು. ಹೋಳಿ ಮುಗಿದ ಮೇಲೆ ಬರುವ ಶರಣಬಸವೇಶ್ವರ ಜಾತ್ರೆಗೆ ಮಗಳನ್ನು ಕರೆದುಕೊಂಡು ಹೋದೆ. ಆ ಗದ್ದಲದಲ್ಲಿ ನಿಂತು ತೇರು ನೋಡಿ, ಮನೆಗೆ ಬಂದು ಬಿದ್ದುಕೊಂಡೆ. ಬೆಳಿಗ್ಗೆ ಆರೂವರೆಗೆ ಎದ್ದೆ. ಜನವರಿಯಲ್ಲಿ ಒಂದು ನಾಮಕರಣಕ್ಕೆ ಹೋಗಿ ಬಂದು ಎರಡು ದಿನ ಹಾಸಿಗೆ ಬಿಟ್ಟಿರಲಿಲ್ಲ.

ಹಣದ ಮಾತು. ಮೊದಲ ಸಲ, ರಜೆ ಮುಗಿದುಹೋಗುತ್ತದೆ ಅನ್ನುವ ಭಯವೂ ನನ್ನನ್ನು ಓಡಿಸಿತ್ತು. ರಜೆ ಎಷ್ಟಿದೆ ಅಂತ ನೋಡಿರಲೇ ಇಲ್ಲ. ಈ ಸಲ ಸೇವಾ ಪುಸ್ತಕದ ಝೆರಾಕ್ಸ್ ತರಿಸಿ ಹೆಂಡತಿಯೊಂದಿಗೆ ಕೂತೆ. ನಮಗೆ ವರ್ಷಕ್ಕೆ 20 ದಿನ ಅರ್ಧ ವೇತನ ರಜೆ ಜಮೆಯಾಗುತ್ತದೆ. ವೈದ್ಯಕೀಯ ಪ್ರಮಾಣಪತ್ರವಿದ್ದರೆ ಅಂಥ ಎರಡು ದಿನ ಖರ್ಚು ಹಾಕಿ ಪೂರ್ಣ ವೇತನದ ಒಂದು ಪರಿವರ್ತಿತ ರಜೆ ಮಾಡಿಕೊಳ್ಳಬಹುದು. ಗಳಿಕೆ ರಜೆ ಬೇರೆ. ಎಲ್ಲ ಸೇರಿಸಿದರೆ ಮೇ ಕೊನೆಯವರೆಗೆ ದಾರಿ ಇತ್ತು. ಇಂಥ ಸೌಲಭ್ಯವಿಲ್ಲದ ಕೂಲಿಯವರು, ಅಂಗಡಿ ಕೆಲಸದವರು ಈ ಕಾಯಿಲೆಯಲ್ಲಿ ಏನು ಮಾಡುತ್ತಾರೆ ಅನ್ನುವುದು ಅಂದಿನಿಂದ ನನ್ನ ಮನಸ್ಸು ಬಿಟ್ಟಿಲ್ಲ.

ಮಾರ್ಚ್ ಎರಡನೇ ವಾರ ಸಾಹೇಬರ ಫೋನ್ ಬಂತು. "ಮಾರ್ಚ್ ಎಂಡ್ ಅದ. ಖಜಾನೆ ಬಿಲ್ಲೆಲ್ಲ ಕುಂತಾವ. ನೀವಿಲ್ಲಂದ್ರ ಹ್ಯಾಂಗ್ರಿ?" ನಾನು ಬಹುತೇಕ ಸಿದ್ಧನಿದ್ದೆ, ನಿಜ. ಆದರೆ ರಾತ್ರಿ ಒಂಬತ್ತರವರೆಗೆ ಕೂರುವ ಹದಿನೈದು ದಿನಕ್ಕೆ ಸಿದ್ಧನಿರಲಿಲ್ಲ. "ಇಲ್ರಿ ಸಾಹೇಬ್ರ, ಏಪ್ರಿಲ್‌ಗೆ ಬರ್ತೀನಿ" ಅಂದೆ. ಫೋನ್ ಇಟ್ಟ ಮೇಲೆ ಕೈ ನಡುಗುತ್ತಿತ್ತು.

ಏಪ್ರಿಲ್ ಆರಿಸಿದ್ದಕ್ಕೆ ಕಾರಣ ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30. ಯಾರ ಮುಂದೆಯೂ ಕೈ ಚಾಚದೆ ಸಿಗುವ ಅರ್ಧ ದಿನದ ಕೆಲಸ. ತೊಡಕು ಒಂದೇ: ಖಿನ್ನತೆಯಲ್ಲಿ ನನಗೆ ಬೆಳಗಿನ ಹೊತ್ತೇ ಅತಿ ಭಾರ. ಡಾಕ್ಟರು ರಾತ್ರಿಯ ಗುಳಿಗೆಯನ್ನು ಹತ್ತೂವರೆಯಿಂದ ಎಂಟಕ್ಕೆ ತಂದರು. ಮಾರ್ಚಿಡೀ ಏಳೂವರೆಗೆ ಬಟ್ಟೆ ಹಾಕಿಕೊಂಡು ನಮ್ಮೂರಿನ 'ಅಪ್ಪನ ಕೆರೆ'ಯ ಸುತ್ತ ನಡೆದು ಬರುವ ರೂಢಿ ಮಾಡಿದೆ. ಆ ಸಲದ ಹಾಳೆಯಲ್ಲಿ ಅಂಕ 4, ಒಂಬತ್ತನೇ ಪ್ರಶ್ನೆಗೆ ಸೊನ್ನೆ. ಅದು ಸಾವಿನ ಯೋಚನೆಯ ಪ್ರಶ್ನೆ.

ಫಿಟ್‌ನೆಸ್ ಸರ್ಟಿಫಿಕೇಟ್ ಕೊಡುವ ಮೊದಲು ಸಾಹೇಬರನ್ನು ಒಬ್ಬನೇ ಕಂಡು, ಹದಿನೈದು ದಿನ ಟಪಾಲು ಶಾಖೆ ಕೊಡಿ ಅಂತ ಕೇಳಿಕೊಂಡೆ. ಒಪ್ಪಿದರು. ಸಹೋದ್ಯೋಗಿಗಳಿಗೆ ಏನು ಹೇಳಬೇಕು ಅನ್ನುವುದನ್ನು ಮನೆಯಲ್ಲೇ ಬಾಯಿಪಾಠ ಮಾಡಿದ್ದೆ. ಹತ್ತಿರದ ಇಬ್ಬರಿಗೆ, "ಡಿಪ್ರೆಶನ್ ಆಗಿತ್ತು, ಗುಳಿಗಿ ನಡದಾವ." ಉಳಿದವರಿಗೆ, "ಆರಾಮ ಇರ್ಲಿಲ್ರಿ, ಈಗ ಅದೀನಿ." 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಗೌಪ್ಯತೆಯನ್ನು ಹಕ್ಕು ಅಂತಲೇ ಹೇಳುತ್ತದೆ, ಎಲ್ಲರಿಗೂ ಎಲ್ಲ ಹೇಳುವ ಋಣ ನಮ್ಮ ಮೇಲಿಲ್ಲ. ಗುಳಿಗೆಯನ್ನಂತೂ ಹಾಜರಾದೆ ಅಂತ ಬಿಡಲಿಲ್ಲ. ಆರಾಮಾದ ಮೇಲೂ ಕನಿಷ್ಠ ಆರು ತಿಂಗಳು ತಗೋಬೇಕು, ಬಿಡುವಾಗಲೂ ಅವರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು ಅಂತ ಡಾಕ್ಟರು ಹೇಳಿದ್ದರು.

ಜೂನ್ ಒಂದರಿಂದ ಮತ್ತೆ ಪೂರ್ತಿ ದಿನ. ಮೂರೂವರೆ ಆಗುತ್ತಲೇ ಅಂಕಿಗಳು ಕಣ್ಣ ಮುಂದೆ ಮಸುಕಾಗುತ್ತಿದ್ದವು. ಆಗಸ್ಟಿನವರೆಗೂ ಹಾಗೇ ಇತ್ತು. ಕೂಡಿಸುವ ಬಿಲ್ಲೆಲ್ಲ ಊಟದ ಮೊದಲೇ ಮುಗಿಸಿ, ಮಧ್ಯಾಹ್ನಕ್ಕೆ ರವಾನೆ, ಫೈಲಿಂಗ್ ಇಟ್ಟುಕೊಂಡೆ. ಈಗಲೂ ಹಾಗೇ ಇಟ್ಟುಕೊಂಡಿದ್ದೇನೆ, ಒಂದೊಂದು ಮೊತ್ತವನ್ನೂ ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಕೂಡಿಸುತ್ತೇನೆ.