ನೋವಿಲ್ಲದ ಗಂಟು, ಬದಲಾದ ಮಚ್ಚೆ: ಗುರುತಿಸುವುದು ಹೇಗೆ?

ಸ್ತನದಲ್ಲಿ ಬಟಾಣಿ ಕಾಳಿನಷ್ಟು ಗಂಟು ಕೈಗೆ ತಗಲುತ್ತದೆ; ಒತ್ತಿದರೆ ನೋಯುವುದಿಲ್ಲ. ಅಂಗಾಲಿನಲ್ಲಿ ಹೊಸದೊಂದು ಕಪ್ಪು ಮಚ್ಚೆ ಮೂಡುತ್ತದೆ, ಅದೂ ನೋಯುವುದಿಲ್ಲ. ನೋವೇ ಇಲ್ಲದ ಮೇಲೆ ಗಾಬರಿ ಏಕೆ, ತಾನಾಗಿಯೇ ಹೋದೀತು ಎಂದುಕೊಂಡು ತಿಂಗಳುಗಟ್ಟಲೆ ಸುಮ್ಮನಿರುವವರು ಬಹಳ ಮಂದಿ. ಆದರೆ ಸ್ತನ ಮತ್ತು ಚರ್ಮದ ಕ್ಯಾನ್ಸರ್‌ಗಳು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ, ಮತ್ತು ಚಿಕಿತ್ಸೆ ಅತ್ಯಂತ ಚೆನ್ನಾಗಿ ಫಲಿಸುವುದೂ ಆ ಹಂತದಲ್ಲೇ. ಸ್ತನದಲ್ಲಿ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ ಎಂಬುದು ನಿಜ. ಆದರೆ ಅದನ್ನು ಹೇಳಬೇಕಾದುದು ಪರೀಕ್ಷೆಯೇ ಹೊರತು ನಮ್ಮ ಊಹೆಯಲ್ಲ.

ಮೊದಲು ನಿಮಗಿರುವ ಅಪಾಯ ತಿಳಿಯಿರಿ

ಸ್ತನ ಕ್ಯಾನ್ಸರ್‌ನ ಅಪಾಯ ವಯಸ್ಸಿನೊಂದಿಗೆ ಹೆಚ್ಚುತ್ತದೆ. 12 ವರ್ಷಕ್ಕೂ ಮೊದಲೇ ಮೈನೆರೆದವರು, 55ರ ನಂತರ ಮುಟ್ಟು ನಿಂತವರು, ಮಕ್ಕಳಾಗದವರು ಅಥವಾ ಮೊದಲ ಮಗು 30ರ ನಂತರ ಆದವರು, ಮುಟ್ಟು ನಿಂತ ಮೇಲೆ ತೂಕ ಹೆಚ್ಚಿದವರು, ಮದ್ಯ ಸೇವಿಸುವವರು, ಚಿಕ್ಕ ವಯಸ್ಸಿನಲ್ಲಿ ಎದೆಗೆ ವಿಕಿರಣ ಚಿಕಿತ್ಸೆ ಪಡೆದವರು ಹೆಚ್ಚು ಎಚ್ಚರದಿಂದಿರಬೇಕು. ಬಿಆರ್‌ಸಿಎ 1 ಮತ್ತು 2 ಎಂಬ ವಂಶವಾಹಿಗಳಲ್ಲಿ ದೋಷವಿದ್ದರೆ ಅಪಾಯ ಹಲವು ಪಟ್ಟು ಏರುತ್ತದೆ, ಮತ್ತು ಆ ದೋಷ ತಾಯಿಯಿಂದ ಬಂದಂತೆಯೇ ತಂದೆಯಿಂದಲೂ ಬರಬಹುದು. ಹೀಗಾಗಿ ಸೋದರತ್ತೆಗೆ ಕಾಯಿಲೆ ಇತ್ತೇ ಎಂಬುದನ್ನೂ ಕೇಳಿ ತಿಳಿದಿರಿ. ಹಾಗೆಂದು ‘ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ’ ಎಂದು ನಿಶ್ಚಿಂತರಾಗುವಂತಿಲ್ಲ: ಆನುವಂಶಿಕ ದೋಷದಿಂದ ಬರುವ ಸ್ತನ ಕ್ಯಾನ್ಸರ್ ಶೇ 5ರಿಂದ 10ರಷ್ಟು ಮಾತ್ರ. ವಿರಳವಾಗಿ ಗಂಡಸರಿಗೂ ಇದು ಬರುತ್ತದೆ.

ಚರ್ಮದ ವಿಷಯದಲ್ಲಿ ಬಿಸಿಲಿನ ನೇರಳಾತೀತ ಕಿರಣಗಳೇ ಮುಖ್ಯ ಕಾರಣ. ತಿಳಿಬಣ್ಣದ ಚರ್ಮ, ಬಾಲ್ಯದಲ್ಲಿ ಬೊಬ್ಬೆಯೇಳುವಷ್ಟು ಬಿಸಿಲಿಗೆ ಸುಟ್ಟಿರುವುದು, ಮೈತುಂಬ ಮಚ್ಚೆಗಳಿರುವುದು ಅಪಾಯವನ್ನು ಹೆಚ್ಚಿಸುತ್ತವೆ. ಆರ್ಸೆನಿಕ್ ಬೆರೆತ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ, ಅಂಗಾಂಗ ಕಸಿಯ ನಂತರ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ತೆಗೆದುಕೊಳ್ಳುತ್ತಿರುವವರಲ್ಲಿ ಮತ್ತು ಹಳೆಯ ಸುಟ್ಟ ಗಾಯದ ಕಲೆಯಲ್ಲಿಯೂ ಇದು ಹುಟ್ಟಬಹುದು.

ಕಪ್ಪು ಚರ್ಮದವರಿಗೆ ಚರ್ಮದ ಕ್ಯಾನ್ಸರ್ ಬರುವುದೇ ಇಲ್ಲ ಎಂಬ ನಂಬಿಕೆ ಮಾತ್ರ ಬಹಳ ಅಪಾಯಕಾರಿ. ಜಮೈಕಾದ ಗಾಯಕ ಬಾಬ್ ಮಾರ್ಲಿ ಅವರ ಕಾಲ್ಬೆರಳಿನ ಉಗುರಿನಡಿ 1977ರಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಪತ್ತೆಯಾಯಿತು. 1981ರಲ್ಲಿ ಅವರು ತೀರಿಕೊಂಡಾಗ ಅವರಿಗೆ 36 ವರ್ಷ. ಕಪ್ಪು ಚರ್ಮದವರಲ್ಲಿ ಮೆಲನೋಮಾ ಅಪರೂಪವಾದರೂ, ಬಂದಾಗ ಅದು ಅಂಗಾಲು, ಅಂಗೈ ಮತ್ತು ಉಗುರಿನಡಿಯಂತಹ ಬಿಸಿಲು ತಾಕದ ಜಾಗಗಳಲ್ಲಿ ಕಾಣಿಸಿಕೊಳ್ಳುವುದೇ ಹೆಚ್ಚು. ನಾವು ನೋಡಿಕೊಳ್ಳುವುದನ್ನು ಮರೆಯುವುದೂ ಅವೇ ಜಾಗಗಳನ್ನು.

ಸ್ತನವನ್ನು ಗಮನಿಸುವ ಕ್ರಮ

ಪ್ರತಿ ತಿಂಗಳ ಮುಟ್ಟು ಮುಗಿದು ಕೆಲವು ದಿನಗಳಾದ ಮೇಲೆ ಸ್ತನದ ಬಿಗಿತ ಇಳಿದಿರುತ್ತದೆ. ಅದೇ ಸೂಕ್ತ ಸಮಯ. ಋತುಬಂಧವಾದವರು ತಿಂಗಳಿನಲ್ಲಿ ಒಂದು ದಿನವನ್ನು ಗೊತ್ತುಮಾಡಿಕೊಳ್ಳಬಹುದು. ಕನ್ನಡಿಯೆದುರು ಕೈಗಳನ್ನು ಇಳಿಬಿಟ್ಟು, ಆಮೇಲೆ ಮೇಲೆತ್ತಿ ನೋಡಿ. ಚರ್ಮದಲ್ಲಿ ಕುಳಿ, ಕಿತ್ತಳೆ ಸಿಪ್ಪೆಯಂತಹ ಒರಟುತನ, ಹೊಸದಾಗಿ ಒಳಕ್ಕೆ ಎಳೆದುಕೊಂಡ ತೊಟ್ಟು, ವಾಸಿಯಾಗದ ತೊಟ್ಟಿನ ಹುಣ್ಣು, ತಾನಾಗಿಯೇ ಒಸರುವ ರಕ್ತ, ಇವುಗಳಲ್ಲಿ ಯಾವುದು ಕಂಡರೂ ಗಮನ ಕೊಡಬೇಕು. ಬಳಿಕ ಮಲಗಿ, ಒಂದು ಕೈಯನ್ನು ತಲೆಯಡಿ ಇಟ್ಟು, ಇನ್ನೊಂದು ಕೈಯ ನಡುವಿನ ಮೂರು ಬೆರಳುಗಳನ್ನು ಜೋಡಿಸಿ, ಬೆರಳ ತುದಿಯಿಂದಲ್ಲ, ಅದರ ಮೆತ್ತನೆಯ ಭಾಗದಿಂದ ನಾಣ್ಯದಗಲದ ಸುತ್ತುಗಳನ್ನು ಹಾಕುತ್ತ ಸಾಗಿ. ಪ್ರತಿ ಜಾಗದಲ್ಲೂ ಮೊದಲು ಹಗುರವಾಗಿ, ಆಮೇಲೆ ಸ್ವಲ್ಪ ಒತ್ತಿ, ಕೊನೆಗೆ ಪಕ್ಕೆಲುಬು ತಾಗುವಷ್ಟು ಒತ್ತಿ ನೋಡಿ. ಕೊರಳೆಲುಬಿನಿಂದ ಸ್ತನದ ಕೆಳಗಿನವರೆಗೆ, ಕಂಕುಳಿನಿಂದ ಎದೆಯ ನಡುಮೂಳೆಯವರೆಗೆ ಯಾವ ಭಾಗವೂ ಬಿಟ್ಟುಹೋಗಬಾರದು.

ಒಂದು ಮಾತನ್ನು ಇಲ್ಲಿ ಮುಚ್ಚಿಡಬಾರದು. ಚೀನಾದ ಶಾಂಘೈನಲ್ಲಿ ಸುಮಾರು 2.66 ಲಕ್ಷ ಮಹಿಳೆಯರನ್ನು ಒಳಗೊಂಡು ನಡೆದು, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ವಯಂ ಪರೀಕ್ಷೆ ಕಲಿಸಿದ್ದರಿಂದ ಮಾತ್ರವೇ ಸಾವುಗಳು ಕಡಿಮೆಯಾಗಲಿಲ್ಲ. ಆದ್ದರಿಂದ ನಿಮ್ಮ ಸ್ತನ ಸಹಜವಾಗಿ ಹೇಗಿರುತ್ತದೆ ಎಂಬ ಪರಿಚಯವಿದ್ದು, ಬದಲಾವಣೆಯಾದರೆ ತಿಳಿಯುವಂತಿರಬೇಕು ಎಂಬುದಷ್ಟೇ ಇದರ ಉದ್ದೇಶ. ಕೈಗೆ ಸಿಗದಷ್ಟು ಸಣ್ಣ ಗಂಟನ್ನು ಕಂಡುಹಿಡಿಯಬಲ್ಲ ಮ್ಯಾಮೋಗ್ರಾಂಗೆ, ಅಂದರೆ ಸ್ತನದ ಎಕ್ಸ್‌ರೇಗೆ, ಇದು ಬದಲಿಯಲ್ಲ. ಅಮೆರಿಕದ 2024ರ ಮಾರ್ಗಸೂಚಿಯೊಂದು 40ರಿಂದ 74 ವರ್ಷದವರಿಗೆ ಎರಡು ವರ್ಷಕ್ಕೊಮ್ಮೆ ಮ್ಯಾಮೋಗ್ರಾಂ ಸೂಚಿಸುತ್ತದೆ. ನಿಮಗೆ ಯಾವಾಗಿನಿಂದ ಬೇಕು ಎಂಬುದನ್ನು ನಿಮ್ಮ ವೈದ್ಯರೊಂದಿಗೆ ನಿರ್ಧರಿಸಿ.

ಚರ್ಮವನ್ನು ನೋಡುವ ಕ್ರಮ

ಒಳ್ಳೆಯ ಬೆಳಕಿನಲ್ಲಿ ನೆತ್ತಿಯಿಂದ ಅಂಗಾಲಿನವರೆಗೆ ನೋಡಿ. ಬೆನ್ನಿಗೆ ಕೈಗನ್ನಡಿ ಅಥವಾ ಮನೆಯವರ ನೆರವು ಬೇಕು. ಮಚ್ಚೆಯ ಎರಡು ಅರ್ಧಗಳು ಒಂದಕ್ಕೊಂದು ಹೊಂದದಿರುವುದು, ಅಂಚು ಸೊಟ್ಟಪಟ್ಟಾಗಿರುವುದು, ಒಂದೇ ಮಚ್ಚೆಯಲ್ಲಿ ಹಲವು ಬಣ್ಣಗಳಿರುವುದು, ಅಗಲ 6 ಮಿಲಿಮೀಟರ್ ದಾಟಿರುವುದು, ಇವೆಲ್ಲ ಸಂಶಯ ಹುಟ್ಟಿಸಬೇಕಾದ ಚಿಹ್ನೆಗಳು. ಬದಲಾಗುತ್ತಿರುವ ಮಚ್ಚೆ ಅದಕ್ಕಿಂತ ಚಿಕ್ಕದಾಗಿದ್ದರೂ ತೋರಿಸಬೇಕು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟರೆ, ಮುಂದಿನ ಸಲ ನೆನಪನ್ನು ನಂಬಬೇಕಾಗುವುದಿಲ್ಲ. ಒಂದೇ ಉಗುರಿನಲ್ಲಿ ಕಪ್ಪು ಗೆರೆ ಮೂಡಿ ಅಗಲವಾಗುತ್ತಿದ್ದರೆ, ಅದರ ಬಣ್ಣ ಉಗುರಿನ ಬುಡದ ಚರ್ಮಕ್ಕೂ ಹರಡಿದ್ದರೆ ತಡಮಾಡಬೇಡಿ. ಹಕ್ಕಳೆಗಟ್ಟಿ, ಉದುರಿ, ಮತ್ತೆ ರಕ್ತ ಬರುವ ಹುಣ್ಣು ಕೆಲವು ವಾರಗಳಲ್ಲಿ ಮಾಯದಿದ್ದರೂ ಅಷ್ಟೇ.

ವೈದ್ಯರ ಬಳಿ

ಮೊದಲು ಕಂಡದ್ದು ಯಾವಾಗ, ಆಮೇಲೆ ಏನು ಬದಲಾಯಿತು ಎಂಬುದನ್ನು ಹೇಳಿ. ಸ್ತನದ ಗಂಟಿಗೆ ವೈದ್ಯರು ಕೈಯಿಂದ ಪರೀಕ್ಷಿಸಿ, ಅಲ್ಟ್ರಾಸೌಂಡ್ ಅಥವಾ ಮ್ಯಾಮೋಗ್ರಾಂ ಮಾಡಿಸಿ, ಅಗತ್ಯವಿದ್ದರೆ ಸೂಜಿಯಿಂದ ಬಯಾಪ್ಸಿ, ಅಂದರೆ ಪರೀಕ್ಷೆಗಾಗಿ ಗಂಟಿನ ಸಣ್ಣ ಚೂರು, ತೆಗೆಯುತ್ತಾರೆ. ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತದೆಂದು ಹೆದರಿ ಪರೀಕ್ಷೆಯನ್ನು ಮುಂದೂಡಬೇಡಿ. ಮುಂದೂಡುವುದರಿಂದ ಆಗುವ ಹಾನಿಯೇ ದೊಡ್ಡದು. ಸಂಶಯದ ಮಚ್ಚೆಯನ್ನು ದಾರ ಕಟ್ಟಿ ಉದುರಿಸುವುದಾಗಲಿ, ಆಸಿಡ್ ಅಥವಾ ಲೇಸರ್‌ನಿಂದ ಸುಡಿಸಿಕೊಳ್ಳುವುದಾಗಲಿ ಬೇಡವೇ ಬೇಡ. ಹಾಗೆ ಮಾಡಿದರೆ ಪರೀಕ್ಷಿಸಲು ಏನೂ ಉಳಿಯುವುದಿಲ್ಲ, ಒಳಗೆ ಉಳಿದದ್ದು ಬೆಳೆಯುತ್ತಲೇ ಇರುತ್ತದೆ. ವೈದ್ಯರು ಅದನ್ನು ಕತ್ತರಿಸಿ ತೆಗೆದರೆ, ತುಣುಕನ್ನು ಪ್ರಯೋಗಾಲಯಕ್ಕೆ ಕಳಿಸಿದ್ದಾರೆಯೇ ಎಂದು ಕೇಳಿ, ವರದಿಯನ್ನು ಕೈಗೆ ಪಡೆದುಕೊಳ್ಳಿ.