ಹೊಸ ಬೆಕ್ಕಿನ ಮರಿ ತಂದಿದ್ದೀರಾ? ಹಳೆ ಬೆಕ್ಕುಗಳಿಗೆ ಹೀಗೆ ಪರಿಚಯ ಮಾಡಿಸಿ

ಮರಿಯನ್ನು ತಂದ ತಕ್ಷಣ ಹಾಲ್ ಮಧ್ಯೆ ಬಿಟ್ಟು, "ನೋಡು, ನಿನ್ನ ತಮ್ಮ ಬಂದ" ಅಂತ ದೊಡ್ಡ ಬೆಕ್ಕಿಗೆ ತೋರಿಸಬೇಡಿ. ಎಷ್ಟೋ ಮನೆಗಳಲ್ಲಿ ಜಗಳ ಶುರುವಾಗುವುದೇ ಅಲ್ಲಿ. ಸೋಫಾದ ಮೂಲೆ, ಬಾಗಿಲಿನ ಚೌಕಟ್ಟು, ನಿಮ್ಮ ಕಾಲು, ಎಲ್ಲದಕ್ಕೂ ದೊಡ್ಡದು ಕೆನ್ನೆ ಉಜ್ಜಿ ತನ್ನ ವಾಸನೆ ಹಚ್ಚಿಟ್ಟಿರುತ್ತದೆ. ಮರಿ ನಮಗೆ ಎಷ್ಟೇ ಮುದ್ದಾಗಿ ಕಂಡರೂ ದೊಡ್ಡದರ ಮೂಗಿಗೆ ಅದು ಬೇರೆ ಯಾರೋ. ಅದಕ್ಕೇ ಮೊದಲು ಮೂಗಿಗೆ ಪರಿಚಯ ಆಗಲಿ, ಆಮೇಲೆ ಕಣ್ಣಿಗೆ. ಹತ್ತಿರ ಬಿಡುವುದು ಕೊನೆಗೆ.

ಮರಿಗೆ ಬಾಗಿಲು ಹಾಕಬಹುದಾದ ಒಂದು ಕೋಣೆ ಬೇಕು. ಅದರ ಊಟ, ನೀರು, ಲಿಟರ್ ಟ್ರೇ (ಕಕ್ಕ, ಉಚ್ಚೆಗೆ ಇಡುವ ಮರಳಿನ ತಟ್ಟೆ), ಅಡಗಿಕೊಳ್ಳಲು ಒಂದು ರಟ್ಟಿನ ಡಬ್ಬಿ, ಎಲ್ಲ ಅಲ್ಲೇ ಇರಲಿ. ಬೀದಿಯಿಂದ ತಂದ ಮರಿಯಾದರೆ ಎರಡು ವಾರ ಬೇರೆಯೇ ಇಡಿ, ಇದರಲ್ಲಿ ಮಾತ್ರ ರಾಜಿ ಬೇಡ. ಬೆಕ್ಕುಗಳ ಪಾರ್ವೊ ಅನ್ನುವ ಪ್ಯಾನ್‌ಲ್ಯುಕೋಪೀನಿಯಾ ಎಂಬ ಮಾರಕ ವೈರಸ್ ಸೋಂಕು ತಗುಲಿದ್ದರೂ ಮೊದಲ ಕೆಲವು ದಿನ ಮರಿ ಆಡಿಕೊಂಡೇ ಇರಬಹುದು. ವೈರಸ್ ನಿಮ್ಮ ಕೈ, ಬಟ್ಟೆ, ಚಪ್ಪಲಿಗೆ ಅಂಟಿಕೊಂಡೂ ಹೊರಗೆ ಬರುತ್ತದೆ. ಆ ಕೋಣೆಗೆ ಬೇರೆ ಚಪ್ಪಲಿ ಇಟ್ಟುಕೊಳ್ಳಿ, ಹೊರಗೆ ಬಂದಾಗ ಸೋಪು ಹಾಕಿ ಕೈ ತೊಳೆಯಿರಿ. ನೆಲಕ್ಕೆ ಫಿನೈಲ್ ಹಾಕಬೇಡಿ, ಅದು ಬೆಕ್ಕಿಗೆ ವಿಷ. ನಾಯಿಗೆ ಹಾಕುವ ಚಿಗಟದ ಔಷಧವೂ ಬೇಡ, ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕು ಸಾಯಲೂಬಹುದು. ಮರಿಯ ಲಸಿಕೆ 6ರಿಂದ 8 ವಾರಕ್ಕೆ ಶುರುವಾಗಿ, 3-4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೂ ನಡೆಯುತ್ತದೆ. ದೊಡ್ಡವುಗಳ ಲಸಿಕೆ ಬಾಕಿ ಇದೆಯಾ ಅಂತಲೂ ಇದೇ ನೆಪದಲ್ಲಿ ನೋಡಿಕೊಳ್ಳಿ.

ಮರಿಗೆ ಕಾಯಿಲೆ ಇಲ್ಲ ಅಂತ ಡಾಕ್ಟರು ಹೇಳಿದ ಮೇಲೆ ವಾಸನೆಯ ಕೆಲಸ. ಹಳೆ ಪಂಚೆಯ ತುಂಡೊಂದನ್ನು ಮರಿಯ ಕೆನ್ನೆಗೆ, ಗಲ್ಲಕ್ಕೆ ಮೆಲ್ಲಗೆ ಉಜ್ಜಿ, ದೊಡ್ಡ ಬೆಕ್ಕು ಓಡಾಡುವ ಕಡೆ ಸುಮ್ನೆ ಹಾಕಿಬಿಡಿ. ಅದರ ಹಾಸಿಗೆ ಮೇಲೆ ಮಾತ್ರ ಬೇಡ. ಅದು ಬಂದು ಮೂಸುತ್ತದೆ, ಬಾಯಿ ಅರ್ಧ ತೆರೆದು ಹುಳಿ ತಿಂದಂತೆ ಮುಖ ಮಾಡಿ ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ಬಟ್ಟೆಗೇ ಬುಸ್ ಅಂದು ಹೊರಟುಹೋಗುತ್ತದೆ. ಪರವಾಗಿಲ್ಲ. ಮಾರನೇ ದಿನ ಬಟ್ಟೆಯ ಪಕ್ಕ ಅದಕ್ಕೆ ಇಷ್ಟದ ತಿಂಡಿ ಇಡಿ. ದೊಡ್ಡದರ ವಾಸನೆಯ ಬಟ್ಟೆಯೂ ಮರಿಯ ಕೋಣೆಗೆ ಹೋಗಲಿ. ಬಟ್ಟೆ ಕಂಡರೂ ಕಾಣದ ಹಾಗೆ ದಾಟಿ ಹೋಗುತ್ತಿದೆ ಅಂದರೆ ಮುಂದಿನ ಹೆಜ್ಜೆ ಇಡಬಹುದು.

ಈಗ ಮುಚ್ಚಿದ ಬಾಗಿಲಿನ ಎರಡೂ ಕಡೆ ಊಟ. ತಟ್ಟೆ ಮೊದಲು ದೂರ, ದಿನ ಕಳೆದಂತೆ ಸ್ವಲ್ಪ ಸ್ವಲ್ಪ ಹತ್ತಿರ. ಗುರ್ ಅಂದರೆ ನಿನ್ನೆಯ ಜಾಗಕ್ಕೇ ವಾಪಸ್. ಬಾಗಿಲಿಗಂಟಿಕೊಂಡು ಆರಾಮಾಗಿ ತಿನ್ನುತ್ತಿವೆ ಅಂದಾಗ ಜಾಲರಿಯ ಮೂಲಕ ಮುಖ ತೋರಿಸಿ. ನಮ್ಮ ಮನೆಗಳಲ್ಲಿ ಸೊಳ್ಳೆಗೆ ಹಾಕಿಸುವ ಜಾಲರಿ ಬಾಗಿಲು ಇದಕ್ಕೆ ಹೇಳಿ ಮಾಡಿಸಿದ್ದು, ಆದರೆ ನೈಲಾನ್ ಜಾಲರಿಯಾದರೆ ಉಗುರಿಗೆ ಹರಿಯುತ್ತದೆ, ಅಲ್ವಾ, ಹಾಗಾಗಿ ಪಕ್ಕದಲ್ಲೇ ಕೂತಿರಿ.

ಮುಖಾಮುಖಿ ಬಿಡುವ ದಿನ ಮೊದಲು ಮರಿಯನ್ನು ಆಡಿಸಿ ಸುಸ್ತು ಮಾಡಿ, ಹೊಟ್ಟೆ ತುಂಬಿಸಿ. ಚುರುಕಾದ ಮರಿ ಹೋಗಿ ದೊಡ್ಡದರ ಬಾಲಕ್ಕೇ ಬಾಯಿ ಹಾಕುತ್ತದೆ. ಮರಿಯನ್ನು ಎತ್ತಿಕೊಂಡು ದೊಡ್ಡದರ ಮುಖದ ಹತ್ತಿರ ಹಿಡಿಯಬೇಡಿ. ದೊಡ್ಡದಕ್ಕೆ ಬೀರು ಮೇಲಕ್ಕೋ ಕಿಟಕಿಗೋ ಹತ್ತಿ ಹೋಗಲು ದಾರಿ ಇರಲಿ. ಕೆಲವು ನಿಮಿಷ ಸಾಕು, ಚೆನ್ನಾಗಿರುವಾಗಲೇ ಮುಗಿಸಿ.

ಬುಸ್ ಅನ್ನುವುದು, ಉಗುರು ಹೊರಗೆ ತೆಗೆಯದೆ ತಲೆಗೊಂದು ಏಟು ಕೊಡುವುದು ಮಾಮೂಲು. ಬೈಯಬೇಡಿ. ಬೈದರೆ ಮರಿ ಬಂದಾಗಲೆಲ್ಲ ಬೈಗುಳ ಅಂತ ಅದು ಲೆಕ್ಕ ಹಾಕಿಕೊಳ್ಳುತ್ತದೆ. ನನಗೆ ಭಯ ಆಗುವುದು ಸದ್ದು ಮಾಡುವ ಬೆಕ್ಕಿಗಲ್ಲ, ಕಿವಿ ಚಪ್ಪಟೆ ಮಾಡಿ, ಬಾಲ ಬಡಿಯುತ್ತಾ, ರೆಪ್ಪೆ ಮಿಟುಕಿಸದೆ ನೋಡುತ್ತಾ ಕೂರುವ ಬೆಕ್ಕಿಗೆ. ಆಗ ಮಧ್ಯೆ ಒಂದು ದಿಂಬೋ ರಟ್ಟೋ ಅಡ್ಡ ಹಿಡಿಯಿರಿ, ಕೈ ಹಾಕಬೇಡಿ.

ಎರಡು ಮೂರು ದೊಡ್ಡ ಬೆಕ್ಕುಗಳಿದ್ದರೆ ಒಂದೊಂದಾಗಿ ಭೇಟಿ ಮಾಡಿಸಿ, ಸಾಧು ಸ್ವಭಾವದ್ದು ಮೊದಲು. ಮರಿಯ ಮೇಲಿನ ಸಿಟ್ಟು ತಡೆಯಲಾರದೆ ಹಳೆ ಗೆಳೆಯರೇ ಪರಸ್ಪರ ಕಚ್ಚಾಡುವುದೂ ಉಂಟು, ಒಂದಷ್ಟು ಹೊತ್ತು ಬೇರೆ ಬೇರೆ ಇಡಿ. ಲಿಟರ್ ಟ್ರೇ ಬೆಕ್ಕುಗಳ ಲೆಕ್ಕಕ್ಕಿಂತ ಒಂದು ಜಾಸ್ತಿ ಇರಲಿ, ಬೇರೆ ಬೇರೆ ಕಡೆ. ಮರಿಯ ಊಟ ದೊಡ್ಡವು ಕದಿಯುತ್ತವೆ, ಅದರಲ್ಲಿ ಕೊಬ್ಬು ಜಾಸ್ತಿ, ತಟ್ಟೆ ಎತ್ತಿಡಿ.

ಇದೆಲ್ಲ ಕೆಲವು ಮನೆಗಳಲ್ಲಿ ವಾರದೊಳಗೆ ಮುಗಿಯುತ್ತದೆ, ಕೆಲವು ಕಡೆ ತಿಂಗಳುಗಟ್ಟಲೆ. ದೊಡ್ಡ ಬೆಕ್ಕು ಇಡೀ ದಿನ ಊಟ ಬಿಟ್ಟರೆ, ಅಥವಾ ಗಂಡು ಬೆಕ್ಕು ಟ್ರೇಯಲ್ಲಿ ತಿಣುಕುತ್ತಾ ಕೂತರೂ ಉಚ್ಚೆ ಬರದಿದ್ದರೆ, ಬೇಜಾರಿಗೆ ಹೀಗೆ ಅಂದುಕೊಳ್ಳದೆ ಅವತ್ತೇ ಡಾಕ್ಟರ ಹತ್ತಿರ ಓಡಿ. ಇನ್ನು ಮರಿ ಹೆಣ್ಣಾಗಿದ್ದರೆ ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು. ಲಸಿಕೆಗೆ ಹೋದಾಗಲೇ ಮರಿ ಆಗದ ಹಾಗೆ ಮಾಡುವ ಆಪರೇಷನ್ ಯಾವಾಗ ಅಂತ ಕೇಳಿ ಬರೆದಿಟ್ಟುಕೊಳ್ಳಿ.